ಅಷ್ಟರಲ್ಲಿ ಇಳಿಜಾರು ಬಂತು

ತೊಂಬತ್ತರ ದಶಕದಲ್ಲಿ, ತಿರುವನಂತಪುರದಲ್ಲಿ, ಮೈಸೂರು ಕಡೆಯ ವಿಜ್ಞಾನಿಯೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಹಿಂದೆ ತರಬೇತಿಗೆಂದು ಫ್ರಾನ್ಸಿಗೆ ಹೋಗಿದ್ದಾಗ ರಜೆಯ ದಿನಗಳಲ್ಲಿ ಅಲ್ಲಿನ ಗುಡ್ಡಗಳಲ್ಲಿ ಸೈಕಲ್ ತುಳಿದವರು. ದಾರಿಯುದ್ದಕ್ಕೂ ಹಳೆಯ ಕೋಟೆಗಳಿದ್ದವಂತೆ. ಒಳಗೆ ಹೇಗಿದ್ದವು ಎಂದು ಯಾರೇ ಕೇಳಲಿ, ಕನ್ನಡಕ ಒರೆಸುತ್ತಾ ಒಂದೇ ಮಾತು: “ನಿಂತು ನೋಡೋಣ ಅಂದ್ಕೊಂಡೆ. ಅಷ್ಟರಲ್ಲಿ ಇಳಿಜಾರು ಬಂತು.”

ನಮ್ಮ ಮನೆಗಳೂ ಗುಡ್ಡದ ತುದಿಯಲ್ಲೇ ಇದ್ದವು. ಆ ಏರನ್ನು ಅವರು ದಿನವೂ ಸೈಕಲ್ಲಿನಲ್ಲೇ ಹತ್ತುತ್ತಿದ್ದರು.

ಎದೆನೋವಿಗೆ ಆಸ್ಪತ್ರೆ ಸೇರಿ ಬಂದ ಮೇಲೆ, ಒಂದು ಸಂಜೆ ಸೈಕಲ್ಲನ್ನು ಮೆಲ್ಲಗೆ ತಳ್ಳಿಕೊಂಡು ಬರುತ್ತಿದ್ದರು.

“ಡಾಕ್ಟ್ರು ಬೇಡ ಅಂದಿರ್ಲಿಲ್ವಾ ಸಾರ್?” ಎಂದೆ.

“ತುಳ್ಕೊಂಡು ಹತ್ತಬೇಡಿ ಅಂದ್ರು. ಇಳಿಯೋದರ ವಿಚಾರ ಅವರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ.”

ತಮ್ಮ ಮನೆಯ ಗೇಟಿನ ಮುಂದೆಯೇ ಸೈಕಲ್ ತಿರುಗಿಸಿದರು. ಕನ್ನಡಕ ಒರೆಸಿ ಹಾಕಿಕೊಂಡು ಬ್ರೇಕ್ ಬಿಟ್ಟರು.