ಬಾಯಿ ಕಟ್ಟಿದ ದೀಪ

ಬೆಳಗಿನ ಆರೂವರೆಯ ಬಸ್ಸು ಇಳಿಜಾರು ಇಳಿದು ತಿರುವಿನಲ್ಲಿ ಬ್ರೇಕ್ ಹಿಡಿದಾಗ ಒಂದು ಕೀರಲು ಸದ್ದು ಏಳುತ್ತದೆ. ಮೊದಲು ದಾರದಷ್ಟು ತೆಳ್ಳಗೆ, ಬರಬರುತ್ತ ದಪ್ಪಗೆ. ಆ ತಿರುವಿಗೆ ಬೆನ್ನು ಕೊಟ್ಟು ನಿಂತಿರುವುದು ಬ್ರೇಕ್ ಮೇಸ್ತ್ರಿಯ ಮನೆ. ಅಕ್ಕಪಕ್ಕದವರು ಆ ಸದ್ದಿಗೆ ಏಳುತ್ತಾರೆ, ಬೈದುಕೊಳ್ಳುತ್ತಾರೆ. ಮೇಸ್ತ್ರಿ ಮಾತ್ರ ಕಣ್ಣು ಮುಚ್ಚಿಕೊಂಡೇ ಮಲಗಿದ್ದು, “ಹಿಂದಿನ ಎಡಗಾಲು,” ಎನ್ನುತ್ತಾನೆ.

ಗಾಡಿಯ ಚಕ್ರಕ್ಕೆ ಕಾಲು ಎನ್ನುವುದು ಅವನ ಅಪ್ಪನ ಕಾಲದಿಂದ ಬಂದ ಮಾತು.

“ಯಾರಿಗೆ ಹೇಳ್ತಿದೀರಿ?” ಎಂದು ಹೆಂಡತಿ ಪಕ್ಕದಿಂದ ಕೇಳುತ್ತಾಳೆ. “ನನಗಂತೂ ಬೇಡ ಆ ಸುದ್ದಿ. ಡ್ರೈವರ್‌ಗೆ ಹೇಳಿ.”

ಯಾರಿಗೆ ಹೇಳುತ್ತಿದ್ದಾನೆಂದು ಅವಳಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾಳೆ. ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಕೆಳಗೆ, ಅವನೂ ಅವನ ತಂಗಿಯೂ ಚಿಕ್ಕವರಿದ್ದಾಗ ಒಂದೇ ಕಂಬಳಿಗೆ ಜಗಳವಾಡುತ್ತ ಮಲಗುತ್ತಿದ್ದರು. ಸದ್ದು ಕೇಳಿದ ಕೂಡಲೇ ಇವನು “ಎಡಗಾಲು” ಎಂದರೆ ಅವಳು “ಬಲಗಾಲು” ಎನ್ನಬೇಕು. ಗಾಡಿ ವರ್ಕ್‌ಶಾಪಿಗೆ ಬಂದ ದಿನ ಅಪ್ಪ ಚಕ್ರ ಬಿಚ್ಚಿ ತೀರ್ಪು ಕೊಡುತ್ತಿದ್ದ. ಹತ್ತರಲ್ಲಿ ಏಳು ಸಲ ಗೆಲ್ಲುತ್ತಿದ್ದದ್ದು ತಂಗಿಯೇ.

ಅವಳಿಗೆ ಅಪ್ಪ ಇಟ್ಟ ಅಡ್ಡಹೆಸರು ಇಕ್ಕಳ. ಅವಳ ಬೆರಳು ಏನನ್ನಾದರೂ ಹಿಡಿಯಿತೆಂದರೆ ಬಿಡುತ್ತಿರಲಿಲ್ಲ. ತುಕ್ಕು ಹಿಡಿದ ನಟ್ಟಾಗಲಿ, ಅಣ್ಣನ ತಪ್ಪಾಗಲಿ. ಹದಿನಾರಕ್ಕೆ ಡಿಸ್ಕ್ ಬಿಚ್ಚುತ್ತಿದ್ದಳು. ಇಪ್ಪತ್ತಕ್ಕೆ ವೈರಿಂಗ್ ಪೂರ್ತಿ ಅವಳದೇ. ವರ್ಕ್‌ಶಾಪಿಗೆ ಬಂದವರು, “ಮೇಸ್ತ್ರಿ ಇಲ್ವೇನಮ್ಮಾ?” ಎಂದು ಅವಳನ್ನು ಕೇಳಿದಾಗಲೆಲ್ಲ ಅಪ್ಪ ಒಳಗಿನಿಂದ, “ನಿಮ್ಮೆದುರೇ ನಿಂತಿದಾಳಲ್ಲ!” ಎಂದು ಕೂಗುತ್ತಿದ್ದ.

ಅಪ್ಪ ಹೋದ ಮೇಲೆ ಆ ಕೂಗು ನಿಂತಿತು. ಮೂರು ತಿಂಗಳಿಗೆ ಇವನು ಹೊಸ ಬೋರ್ಡು ಬರೆಸಿದ. ‘ಮೇಸ್ತ್ರಿ ಮತ್ತು ಮಗ, ಬ್ರೇಕ್ ಕೆಲಸ.’ ಬೋರ್ಡನ್ನು ಗೋಡೆಗೆ ಒರಗಿಸಿ ಬಣ್ಣ ಆರಲು ಬಿಟ್ಟಿದ್ದಾಗ ತಂಗಿ ಬಂದು ನೋಡಿದಳು.

“ಅಣ್ಣಾ, ಮಗಳೆಲ್ಲಿ?”

ಅವನು ನಕ್ಕುಬಿಟ್ಟ. “ಅಷ್ಟು ದೊಡ್ಡ ಹಲಗೆ ಎಲ್ಲಿಂದ ತರೋಣ? ಜಾಗ ಇಲ್ಲ ಮಾರಾಯ್ತಿ. ನೀನು ಫೋನ್ ನೋಡ್ಕೊ ಸಾಕು. ಹೆಂಗಸು ಬ್ರೇಕ್ ಮುಟ್ಟಿದ್ಲು ಅಂದ್ರೆ ಜನ ಹೆದರ್ತಾರೆ.”

ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಅವಳು ಕೈಯ ಗ್ರೀಸನ್ನು ಒಂದೊಂದೇ ಬೆರಳಿನಿಂದ ನಿಧಾನವಾಗಿ ಒರೆಸಿಕೊಂಡಳು. ಮುಂದಿನ ವಾರ ಎಲ್ಲೋ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿತೆಂದು ಹೊರಟವಳು ತಿರುಗಿ ಬರಲಿಲ್ಲ. ವರ್ಷದ ನಂತರ ಆ ವರ್ಕ್‌ಶಾಪು ಮುಚ್ಚಿತೆಂದು ಸುದ್ದಿ ಬಂತು. ಅವಳ ಫೋನ್ ನಂಬರ್ ಬದಲಾಗಿತ್ತು. ಹುಡುಕಿದ್ದರೆ ಸಿಗುತ್ತಿದ್ದಳೇನೋ. ಅವಳೇ ಬರಲಿ ಎಂದು ಇವನು ಎರಡು ವರ್ಷ ಬಿಗುಮಾನದಲ್ಲಿ ಕಳೆದ. ಆಮೇಲಿನ ಒಂಬತ್ತು ವರ್ಷ, ಯಾವ ಮುಖ ಇಟ್ಟುಕೊಂಡು ಹೋಗುವುದು ಎನ್ನುವುದರಲ್ಲೇ ಕಳೆದವು. ಅವಳು ಕರೆದರೆ ಹೋಗಬಹುದಿತ್ತು. ಕರೆಯದೆ ಹೇಗೆ ಹೋಗುವುದು? ವರ್ಕ್‌ಶಾಪಿನ ಮುಂದೆ ಹೆಣ್ಣುಮಗಳು ಓಡಿಸುವ ಗಾಡಿ ಯಾವುದಾದರೂ ನಿಧಾನವಾದರೆ ಅವನ ಸ್ಪ್ಯಾನರ್ ಒಂದು ಗಳಿಗೆ ತಡೆಯುತ್ತಿತ್ತು, ಅಷ್ಟೆ.

ಆ ಗುರುವಾರ ನಿಧಾನವಾದದ್ದು ಟೈಪಿಂಗ್ ಮೇಡಂ ಅವರ ಬೂದು ಬಣ್ಣದ ಕಾರು. ಅವರು ಮೂವತ್ತು ವರ್ಷ ಟೈಪಿಂಗ್ ಕಲಿಸಿ ನಿವೃತ್ತರಾದವರು. ಮಾತೂ ಅಷ್ಟೇ ವೇಗ, ನಡುವೆ ಜಾಗ ಬಿಡುವುದಿಲ್ಲ.

“ಮೇಸ್ತ್ರೀ, ನಿಮ್ಮ ದೀಪ ಮತ್ತೆ ಹತ್ಕೊಂಡಿದೆ.”

“ನನ್ನ ದೀಪ ಅಲ್ಲ ಮೇಡಂ, ನಿಮ್ಮ ಕಾರಿಂದು.”

“ಸೋಮವಾರ ಆರಿಸಿದ್ದು ಯಾರು? ನೀವು ತಾನೆ? ಹಾಗಾದ್ರೆ ನಿಮ್ದೇ.”

ಸೋಮವಾರ ಅವನು ಆ ಕಾರಿನ ಮುಂದಿನ ಎರಡೂ ಕಾಲಿಗೆ ಹೊಸ ಪ್ಯಾಡ್ ಹಾಕಿದ್ದ, ಸೆನ್ಸರನ್ನೂ ಬದಲಿಸಿದ್ದ. ಸೆನ್ಸರ್ ಎಂದರೆ ದೊಡ್ಡ ಸಂಗತಿಯೇನಲ್ಲ. ಪ್ಯಾಡಿನೊಳಗೆ ಹೂತಿಟ್ಟ ಒಂದು ಎಳೆ ತಂತಿ. ಪ್ಯಾಡ್ ಸವೆದು ಸವೆದು ತಂತಿ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ತಾಗಿ ಕಡಿಯುತ್ತದೆ, ಡ್ರೈವರನ ಕಣ್ಣೆದುರು ಹಳದಿ ದೀಪ ಹತ್ತಿಕೊಳ್ಳುತ್ತದೆ. ಹೊಸ ಪ್ಯಾಡ್ ಹಾಕಿದರೂ ದೀಪ ತಾನಾಗಿ ಆರುವುದಿಲ್ಲ, ಅದನ್ನು ಒಪ್ಪಿಸಬೇಕು. ಇಂಜಿನ್ ಶುರು ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ, ಮೀಟರಿನ ಪಕ್ಕದ ಸಣ್ಣ ಗುಂಡಿಯನ್ನು ಬ್ರೇಕಿನ ಚಿತ್ರ ಬರುವ ತನಕ ಒತ್ತಿ ಹಿಡಿಯಬೇಕು. ಬಿಟ್ಟು ಮತ್ತೆ ಒತ್ತಬೇಕು. ಕಾರು ತನ್ನ ಕಾಲುಗಳನ್ನೆಲ್ಲ ತಾನೇ ತಡವಿ ನೋಡಿಕೊಂಡು, ಸರಿಯಿದ್ದರೆ ದೀಪ ಆರಿಸುತ್ತದೆ. ಸೋಮವಾರ ಆರಿಸಿತ್ತು.

ಮೇಸ್ತ್ರಿ ಒಳಗೆ ಕೂತು ಬಾಗಿಲು ಹಾಕಿಕೊಂಡು ಗುಂಡಿ ಒತ್ತಿದ. ಬ್ರೇಕಿನ ಚಿತ್ರ ಬಂತು. ಎರಡನೇ ಸಲ ಒತ್ತುವಷ್ಟರಲ್ಲಿ ಪಕ್ಕದ ಬಾಗಿಲು ತೆರೆಯಿತು.

“ಆಯ್ತಾ?”

“ಮೇಡಂ, ಬಾಗಿಲು ತೆಗೀಬಾರದು. ತೆಗೆದ್ರೆ ಮತ್ತೆ ಒಂದರಿಂದ ಶುರು. ಈ ಕಾರಿನ ಬುದ್ಧಿ ಹಾಗೆ.”

“ಬಾಗಿಲಿಗೂ ಬ್ರೇಕಿಗೂ ಏನ್ರೀ ಸಂಬಂಧ?”

“ನನಗೂ ಗೊತ್ತಿಲ್ಲ. ಹಾಕ್ಕೊಳ್ಳಿ.”

ಮತ್ತೆ ಒತ್ತಿದ. ಈ ಸಲ ಬಾಗಿಲು ತೆರೆಯಲಿಲ್ಲ, ಕಿಟಕಿಗೆ ಮೂಗು ತಾಗಿಸಿ ನೋಡುತ್ತಿದ್ದರು ಅಷ್ಟೆ. ದೀಪ ಆರಲಿಲ್ಲ. ಮೂರನೇ ಸಲಕ್ಕೂ ಇಲ್ಲ.

ಅವನಿಗೆ ಮೈಯೆಲ್ಲ ಮುಜುಗರವಾಯಿತು. ಈ ಜಾತಿಯ ಕಾರಿಗೆ ಸೆನ್ಸರ್ ಎರಡು: ಮುಂದಿನ ಎಡಗಾಲಿಗೊಂದು, ಹಿಂದಿನ ಬಲಗಾಲಿಗೊಂದು. ಸೋಮವಾರ ಹಿಂದಿನ ಪ್ಯಾಡನ್ನು ಚಕ್ರದ ಸಂದಿಯಿಂದಲೇ ಇಣುಕಿ ನೋಡಿ, ಇನ್ನೂ ದಪ್ಪವಿದೆ ಎಂದು ಬಿಟ್ಟಿದ್ದ. ಅಪ್ಪನಿದ್ದಿದ್ದರೆ, ಬಿಚ್ಚದೆ ನೋಡಿದ್ದು ನೋಡಿದ ಹಾಗಲ್ಲ ಎನ್ನುತ್ತಿದ್ದ. ಜಾಕ್ ಕೊಟ್ಟು ಹಿಂದಿನ ಬಲಗಾಲು ಎತ್ತಿದ. ಚಕ್ರ ಕಳಚಿದ. ಕೆಸರು ಒರೆಸಿ, ಸೆನ್ಸರಿನ ತಂತಿ ಹಿಡಿದು ಹಿಂದಕ್ಕೆ ಸವರುತ್ತ ಹೋದ.

ಒಂದು ಗೇಣಿನಾಚೆ ಬೆರಳಿಗೆ ಗಂಟು ಸಿಕ್ಕಿತು.

ಸೆನ್ಸರನ್ನು ಕತ್ತರಿಸಿ, ಅದರ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದು ಯಾರೋ ಜೋಡಿಸಿದ್ದರು. ಹಾಗೆ ಜೋಡಿಸಿದರೆ, ತಂತಿ ಕಡಿದೇ ಇಲ್ಲವೆಂದು ಕಾರು ನಂಬುತ್ತದೆ, ದೀಪ ಸುಮ್ಮನಿರುತ್ತದೆ. ಕಸುಬಿನವರು ಇದಕ್ಕೆ ದೀಪದ ಬಾಯಿ ಕಟ್ಟುವುದು ಎನ್ನುತ್ತಾರೆ. ಈಗ ನೀರು ಕುಡಿದು ಒಂದು ಎಳೆ ಕಿಲುಬು ಹಿಡಿದು ಬಿಟ್ಟುಕೊಂಡಿತ್ತು, ಅದಕ್ಕೇ ದೀಪ. ಆದರೆ ಮೇಸ್ತ್ರಿ ನೋಡುತ್ತಿದ್ದುದು ಬಿಟ್ಟುಕೊಂಡ ಎಳೆಯನ್ನಲ್ಲ. ಗಂಟಿನ ಮೇಲೆ ಟೇಪ್ ಇರಲಿಲ್ಲ. ಮೇಣ ಹಚ್ಚಿದ ಚಪ್ಪಲಿ ಹೊಲಿಯುವ ದಾರವನ್ನು ಒತ್ತೊತ್ತಾಗಿ, ಸುತ್ತಿನ ಪಕ್ಕ ಸುತ್ತು ಬರುವಂತೆ ಸುತ್ತಿ, ತುದಿಯಲ್ಲಿ ಒಂದು ಬಾಲ ಉದ್ದಕ್ಕೆ ಬಿಟ್ಟಿತ್ತು. ಬಿಚ್ಚುವವನಿಗೆ ಸುಲಭವಾಗಲೆಂದು.

ಬ್ರೇಕಿನ ಬಿಸಿಗೆ ಟೇಪ್ ಕರಗುತ್ತದೆ ಎಂದು ತಂಗಿ ಅವನನ್ನು ಎಷ್ಟು ಸಲ ಹಂಗಿಸಿದ್ದಳೋ. ದಾರ ಸುತ್ತುವ ಬುದ್ಧಿ ಅವಳದೇ. ಅವಳನ್ನು ಬಿಟ್ಟರೆ ಬೇರೆ ಯಾರೂ ಹಾಗೆ ಸುತ್ತಿದ್ದನ್ನು ಅವನು ಕಂಡಿರಲಿಲ್ಲ.

“ಮೇಡಂ,” ಎಂದ. ಗಂಟಿನಿಂದ ಬೆರಳು ತೆಗೆಯದೆ ಮತ್ತೆ ಅಂದ, “ಮೇಡಂ, ಈ ಕಾಲನ್ನ ಯಾರು ಬಿಚ್ಚಿದ್ರು?”

“ನೀವೇ. ಈಗ ತಾನೆ.”

“ಅದಲ್ಲ. ಮೊದಲು. ಇದನ್ನ ಯಾರು ಕಟ್ಟಿದ್ದು?”

ಮೇಡಂ ಬಗ್ಗಿ ನೋಡಿದರು. ಹುಬ್ಬು ಗಂಟಿಕ್ಕಿದರು. ಆಮೇಲೆ ಹಣೆ ಚಚ್ಚಿಕೊಂಡರು. “ಅಯ್ಯೋ! ಮರೆತೇಬಿಟ್ಟಿದ್ದೆ ಕಣ್ರೀ. ಹೋದ ವರ್ಷ ನಮ್ಮಕ್ಕನ ಮನೆಗೆ ಹೋಗ್ತಿದ್ದೆ. ಸೇತುವೆ ದಾಟಿದ್ಮೇಲೆ ದೀಪ ಬಂತು. ಕಲ್ಲು ಬಡಿದು ತಂತಿ ಕಡಿದಿದೆ ಅಂದ್ರು. ಅಲ್ಲಿ ಲಾರಿ ನಿಲ್ಲಿಸೋ ಜಾಗದ ಪಕ್ಕ ಒಂದು ಶೆಡ್ಡಿದೆ, ಅಲ್ಲಿ. ಒಬ್ಬಾಕೆ ಕನ್ನಡಕಕ್ಕೆ ದಾರ ಕಟ್ಕೊಂಡು ಕೂತಿದ್ರು. ನಾನು ಪೆದ್ದಿ, ಮೇಸ್ತ್ರಿ ಎಲ್ಲಮ್ಮಾ ಅಂದೆ. ‘ನಾನೇ’ ಅಂದ್ರು.”

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ನೆಲಕ್ಕಿಟ್ಟ.

“ಹೊಸ ಸೆನ್ಸರ್ ತರಿಸೋಕೆ ನಾಲ್ಕು ದಿನ ಅಂದ್ರು. ನನಗೆಲ್ಲಿ ಪುರುಸೊತ್ತು? ಹಾಗಾದ್ರೆ ತಾತ್ಕಾಲಿಕಕ್ಕೆ ಕಟ್ಟಿಕೊಡ್ತೀನಿ, ಒಂದು ತಿಂಗಳೊಳಗೆ ಬಿಚ್ಚಿಸ್ಕೋಬೇಕು ಅಂದ್ರು. ಯಾವೂರು ಅಂತ ಕೇಳಿದ್ರು. ಹೇಳ್ದೆ. ಕನ್ನಡಕ ತೆಗೆದು ಒರೆಸ್ತಾ ಕೂತ್ಬಿಟ್ರು, ನಾನೇನು ತಪ್ಪು ಅಂದ್ನೋ ಅಂತ ಗಾಬರಿಯಾಯ್ತು. ಆಮೇಲೆ ಹೇಳಿದ್ರು, ‘ನಿಮ್ಮೂರಲ್ಲಿ ತಿರುವಿನ ಹತ್ರ ಒಬ್ರು ಬ್ರೇಕ್ ಮೇಸ್ತ್ರಿ ಇದಾರೆ, ಅವರ ಕೈಲೇ ಬಿಚ್ಚಿಸಿ. ಬೇರೆ ಯಾರ ಕೈಗೂ ಕೊಡ್ಬೇಡಿ’ ಅಂತ.”

ಅಪ್ಪನ ಕಟ್ಟಳೆ ಅದು. ದೀಪದ ಬಾಯಿ ಕಟ್ಟುವುದೇ ತಪ್ಪು; ವಿಧಿಯಿಲ್ಲದೆ ಕಟ್ಟಿದರೆ, ಬಿಚ್ಚಬೇಕಾದವರ ಹೆಸರು ಹೇಳಿ ಕಳಿಸಬೇಕು. ಆ ಹೆಸರು ಸುಮ್ಮನೆ ಬಾಯಿಗೆ ಬಂದದ್ದಾಗಬಾರದು. ಯಾರ ಕೈ ಕೆಲಸವನ್ನು ಕಣ್ಣು ಮುಚ್ಚಿ ನಂಬುತ್ತೀಯೋ ಅವರದಾಗಬೇಕು. ತಂಗಿ ಕಟ್ಟಳೆ ಮುರಿದಿರಲಿಲ್ಲ. ಹತ್ತು ವರ್ಷದ ಮೇಲೆ, ಎರಡು ತುಂಡು ತಂತಿಯಲ್ಲಿ, ಅವನನ್ನು ಕರೆದಿದ್ದಳು.

“ಯಾವಾಗ ಮೇಡಂ ಇದು? ಸರಿಯಾಗಿ ಹೇಳಿ.”

ಮೇಡಂ ಬೆರಳು ಮಡಿಸಿ ಎಣಿಸಿದರು. “ಹದಿನಾಲ್ಕು ತಿಂಗಳು.” ಅವರ ಮುಖ ಸಣ್ಣದಾಯಿತು. “ದೀಪ ಆರಿತ್ತಲ್ಲ ಮೇಸ್ತ್ರಿ, ಅದಕ್ಕೇ ಮರೆತೆ. ಸಾವಿರಾರು ಮಕ್ಕಳಿಗೆ ಯಾವ ಬೆರಳು ಎಲ್ಲಿಡಬೇಕು ಅಂತ ಹೇಳ್ಕೊಟ್ಟೆ, ನನ್ನ ಜ್ಞಾಪಕಾನ ಎಲ್ಲಿಟ್ಟೆ ಅಂತ ನನಗೇ ಗೊತ್ತಿಲ್ಲ. ಯಾಕೆ, ಅವರು ನಿಮಗೆ ಗೊತ್ತಾ?”

“ನನ್ನ ತಂಗಿ.”

ಮೇಡಂ ಅವನ ಪಕ್ಕಕ್ಕೆ ಬಗ್ಗಿ ಮೆಲ್ಲಗೆ, “ಇನ್ನೊಂದು ಕೇಳಿದ್ರು,” ಎಂದರು. “‘ಅವರು ಈಗಲೂ ಟೇಪೇ ಸುತ್ತುತ್ತಾರಾ?’ ಅಂತ. ನನಗೇನು ಗೊತ್ತು ಅಂದೆ. ನಕ್ಕರು.”

ಅವನು ಚಕ್ರದ ಮರೆಗೆ ತಲೆ ತಗ್ಗಿಸಿದ. ಬಾಲ ಹಿಡಿದು ಎಳೆದ. ದಾರ ಒಂದೊಂದೇ ಸುತ್ತು ಬಿಚ್ಚಿಕೊಂಡು ಅವನ ಅಂಗೈಗೆ ಬಂತು. ಅಲಮಾರಿಯಲ್ಲಿದ್ದ ಹೊಸ ಸೆನ್ಸರ್ ತಂದು ಹಾಕಿದ. ಚಕ್ರ ಏರಿಸಿದ, ನಟ್ಟುಗಳನ್ನು ಎರಡೆರಡು ಸಲ ಬಿಗಿದ. ಒಳಗೆ ಕೂತು ಬಾಗಿಲು ಹಾಕಿಕೊಂಡು ಗುಂಡಿ ಒತ್ತಿ ಹಿಡಿದ. ಬ್ರೇಕಿನ ಚಿತ್ರ. ಬಿಟ್ಟ, ಮತ್ತೆ ಒತ್ತಿದ. ಕಾರು ತಡವಿಕೊಳ್ಳುತ್ತಿದ್ದ ಆ ಹತ್ತು ಕ್ಷಣ ಅವನು ಲೆಕ್ಕ ಹಾಕಿದ: ಒಂದು ತಿಂಗಳೊಳಗೆ ಎಂದಿದ್ದಳು. ಆ ತಿಂಗಳು ಪೂರ್ತಿ ಶೆಡ್ಡಿನ ಮುಂದೆ ನಿಧಾನವಾದ ಪ್ರತಿ ಗಾಡಿಗೂ ಅವಳು ತಲೆ ಎತ್ತಿರಬೇಕು. ಎರಡನೇ ತಿಂಗಳೂ ಎತ್ತಿರಬಹುದು. ಆಮೇಲೆ, ಅಣ್ಣನಿಗೆ ಗಂಟು ಸಿಕ್ಕಿದೆ, ಸಿಕ್ಕಿಯೂ ಬರಲಿಲ್ಲ ಎಂದುಕೊಂಡಿರುತ್ತಾಳೆ.

ದೀಪ ಆರಿತು. ಅವನಿಗೆ ಎಂದಿನ ಸಮಾಧಾನವಾಗಲಿಲ್ಲ.

“ಆ ಶೆಡ್ಡು ಈಗಲೂ ಇದೆಯಾ ಮೇಡಂ?”

“ಹೋದ ತಿಂಗಳು ಆ ದಾರೀಲೇ ಹೋದೆ. ಬಾಗಿಲು ತೆಗೆದಿತ್ತು. ಯಾರಿದ್ರು ಅಂತ ನೋಡ್ಲಿಲ್ಲ.”

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅವನು ನಿಂತಲ್ಲೇ ಎಲ್ಲ ಹೇಳಿದ. ಅವಳು ಒದ್ದೆ ದುಪ್ಪಟಿಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು, ಇಬ್ಬರೂ ಹಿಂಡುತ್ತ ಮಾತಾಡಿದರು.

“ನಾಳೆ ಹೋದ್ರಾಯ್ತು ಅಂತೀನಿ,” ಎಂದ. “ಇವತ್ತು ಎರಡು ಗಾಡಿ ಇದೆ.”

“ಗಾಡಿ ನಾಳೆನೂ ಇರುತ್ತೆ. ಎರಡು ಗಂಟೆಗೆ ಬಸ್ಸಿದೆ.”

“ಅವಳು ಅಲ್ಲಿ ಇಲ್ದೆ ಇದ್ರೆ?”

“ಎಲ್ಲಿ ಹೋದ್ರು ಅಂತ ಕೇಳಿ. ಬಾಯಿಲ್ವಾ?”

“ಇದ್ದು, ಒಳಗೇ ಬಿಡದಿದ್ರೆ?”

“ಬಾಗಿಲಲ್ಲೇ ನಿಂತ್ಕೊಳ್ಳಿ.”

“ಎಷ್ಟು ಹೊತ್ತು ನಿಲ್ಲೋದೇ?”

ಅವಳು ದುಪ್ಪಟಿಯನ್ನು ಅವನ ಕೈಯಿಂದ ಕಿತ್ತುಕೊಂಡಳು. “ಅವಳೆಷ್ಟು ಹೊತ್ತು ನಿಂತಿದಾಳೆ ಅಂತ ಈಗ ತಾನೆ ನೀವೇ ಹೇಳಿದ್ರಲ್ಲ. ಬೇರೆ ಅಂಗಿ ಹಾಕ್ಕೊಳ್ಳಿ. ಇದು ಬೇಡ, ಬೆನ್ನೆಲ್ಲ ಗ್ರೀಸು.”

ಅವನು ಅಂಗಿ ಬದಲಿಸಿ ಹೊರಗೆ ಬಂದ. ಚಪ್ಪಲಿ ಮೆಟ್ಟಿದ, ಬಿಟ್ಟ, ಮತ್ತೆ ಮೆಟ್ಟಿದ. ಹೆಂಡತಿ ಗೇಟಿನ ತನಕ ಬಂದಳು.

“ಹೋಗಿ ಏನಂತ ಶುರು ಮಾಡ್ತೀರಿ?”

“ಮೇಡಂ ಮರೆತಿದ್ರು ಅಂತ.”

“ಅದು ಮೇಡಂ ಕಥೆ ಆಯ್ತು. ನಿಮ್ದು?”

ಅವನು ರಸ್ತೆಗಿಳಿದು ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ. ಕೈ ಎತ್ತಿ, ಏನನ್ನೋ ಅಳೆದು ತೋರಿಸುವವನಂತೆ ಗಾಳಿಯಲ್ಲಿ ಹಿಡಿದ. “ಕೇಳು, ಮೊದಲು ಇದನ್ನೇ ಹೇಳ್ತೀನಿ. ಆವತ್ತು ಬೋರ್ಡಿನ ಹತ್ರ ನಾನು ನಕ್ಕಿದ್ದು ಯಾಕೆ ಅಂದ್ರೆ, ನನ್ನ ಕೈಗಿಂತ ನಿನ್ನ ಕೈಯೇ…” ಎಂದವನು, ಆ ಮಾತನ್ನು ಇವಳ ಮುಂದೆ ಖರ್ಚು ಮಾಡುವುದು ಬೇಡವೆನ್ನಿಸಿದವನಂತೆ ಕೈ ಇಳಿಸಿ, ಬಸ್‌ಸ್ಟ್ಯಾಂಡಿನ ಕಡೆಗೆ ಬಿರಬಿರನೆ ನಡೆದುಬಿಟ್ಟ.