ಮಾರಮ್ಮನನ್ನು ಕೇಳಿ ಓದಿದ ಪರೀಕ್ಷೆ

ನನ್ನ ಹೆಂಡತಿ ನಾಗವೇಣಿಗೆ ಸೀರೆ ಆರಿಸಲು ಐದು ನಿಮಿಷ ಸಾಕು. ಪರೀಕ್ಷೆ ಆರಿಸಲು ಮಾತ್ರ ಯುಗಾದಿಯಿಂದ ಗೌರಿ ಹಬ್ಬದವರೆಗೆ ಮನೆಮಂದಿಯ ತಲೆ ತಿಂದಳು.

ಹೊಸೂರಿನ ಕಾರ್ಖಾನೆಯೊಂದರಲ್ಲಿ ಇಮೇಲ್ ಸರ್ವರ್ ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತು. ಎಲ್ಲರ ಇಮೇಲೂ ಸರಿಯಾಗಿ ಹೋಗುತ್ತಿದ್ದರೆ ಅವಳನ್ನು ಯಾರೂ ನೆನೆಯುವುದಿಲ್ಲ, ಒಬ್ಬರದು ನಿಂತರೆ ಎಲ್ಲರೂ ಬಯ್ಯುತ್ತಾರೆ. ಬೇಸತ್ತು, ಸ್ವಂತವಾಗಿ ಸಲಹೆ ಕೊಡುವ ಕೆಲಸಕ್ಕೆ ಇಳಿಯುತ್ತೇನೆಂದು ರಾಜೀನಾಮೆ ಕೊಟ್ಟಳು. ಆದರೆ ಗಿರಾಕಿ ನಂಬಲು ಒಂದು ಸರ್ಟಿಫಿಕೇಟ್ ಬೇಕಲ್ಲ? ಮೈಕ್ರೋಸಾಫ್ಟಿನದು ಮಾಡಿದರೆ ದೊಡ್ಡ ಕಂಪನಿಗಳು ಕರೆಯುತ್ತವೆ. ಲಿನಕ್ಸಿನದು ಮಾಡಿದರೆ ಸ್ವಂತ ಸರ್ವರ್ ಇಟ್ಟುಕೊಂಡು ಒದ್ದಾಡುವ ಸಣ್ಣಪುಟ್ಟವರು ಕರೆಯಬಹುದು, ಕರೆಯದೆಯೂ ಇರಬಹುದು. ಎರಡಕ್ಕೂ ಓದುವಷ್ಟು ಪುರಸೊತ್ತಿಲ್ಲ. ಆಯ್ಕೆ ತಪ್ಪಿದರೆ ಮತ್ತೆ ಅದೇ ಕಾರ್ಖಾನೆಯ ಗೇಟಿಗೆ ಹೋಗಿ ನಿಲ್ಲಬೇಕು. ಅವಳಿಗೆ ಆ ಭಯವಿತ್ತು, ನಿಜ ಹೇಳಬೇಕೆಂದರೆ ನನಗೂ ಇತ್ತು.

ಕೊನೆಗೆ ನಮ್ಮಮ್ಮ ಪಿಳ್ಳಮ್ಮನಿಗೆ ರೇಗಿತು. "ಲೇ ಕುಮಾರೇಶ, ಗಾಡಿ ತೆಗೀಲಾ. ಮಾರಮ್ಮನ್ನ ಹೂ ಕೇಳ್ಬುಡಾನ. ನಿನ್ನ ಮದುವೆ, ಬೋರ್‌ವೆಲ್ಲು, ಎಲ್ಲ ಅವಳನ್ನ ಕೇಳೇ ತಾನೆ ಮಾಡಿದ್ದು?"

ರಾಯಕೋಟೆ ಹತ್ತಿರದ ನಮ್ಮೂರಿನ ಗುಡಿಯಲ್ಲಿ ಪೂಜಾರಿ ಮುತ್ತರಾಯಪ್ಪನವರು ದೇವಿಯ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಕೆಲಸ ಆಗುತ್ತದೆ, ಎಡಗಡೆಯದು ಬಿದ್ದರೆ ಆಗುವುದಿಲ್ಲ.

"ಬಲಕ್ಕೆ ಮೈಕ್ರೋಸಾಫ್ಟು, ಎಡಕ್ಕೆ ಲಿನಕ್ಸು," ಎಂದು ನಾಗವೇಣಿ ಕೈಮುಗಿದಳು.

ಮುತ್ತರಾಯಪ್ಪನವರು ಒಪ್ಪಲಿಲ್ಲ. "ಅದಾ ಇದಾ ಅಂತ ಕೇಳಂಗಿಲ್ಲ ಕಣಮ್ಮ. ಒಂದನ್ನ ಹಿಡ್ಕೊಂಡು, ಆಗ್ತದಾ ಆಗಲ್ವಾ ಅಂತ ಕೇಳು."

ಅಷ್ಟು ತಿಂಗಳು ಎರಡನ್ನೂ ತೂಗುತ್ತಲೇ ಇದ್ದವಳ ಬಾಯಿಂದ ಥಟ್ಟನೆ ಬಂತು, "ಲಿನಕ್ಸ್ ಓದ್ಲಾ ತಾಯಿ?"

ಯಾವ ಹೂವೂ ಬೀಳಲಿಲ್ಲ. ಕಾಯುತ್ತಾ ಕುಳಿತಿದ್ದಾಗ ಹನುಮಯ್ಯನವರ ಫೋನು ಬಂತು. ಡೆಂಕಣಿಕೋಟೆ ಕಡೆ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುವವರು, ನಾಗವೇಣಿಯ ಕೆಲಸ ಗೊತ್ತಿದ್ದ ಪರಿಚಯದವರು.

"ನಾಗವೇಣಮ್ಮ, ನಾನು ಹಾಕಿದ ಇಮೇಲೆಲ್ಲ ಫಾರಿನ್ನವ್ರಿಗೆ ಸ್ಪ್ಯಾಮಲ್ಲಿ ಬೀಳ್ತದಂತೆ. ಅವ್ರು ಆರ್ಡರ್ ಕೊಡೋಷ್ಟರಲ್ಲಿ ನನ್ನ ಮೊಗ್ಗೆಲ್ಲ ಅರಳಿಬುಡ್ತವೆ!"

ಅವರದ್ದೂ ಲಿನಕ್ಸ್ ಸರ್ವರೇ. ನಾಗವೇಣಿ ಗುಡಿಯ ಜಗಲಿಯ ಮೇಲೇ ಲ್ಯಾಪ್‌ಟಾಪ್ ತೆರೆದು ಕುಳಿತಳು. ಮೇಲ್ ಹನುಮಯ್ಯನವರ ಸರ್ವರಿನಿಂದಲೇ ಬಂದದ್ದು ಎಂದು ಸಾಕ್ಷಿ ಹೇಳುವ ಒಂದು ಸಾಲು ಎಲ್ಲೂ ಇರಲಿಲ್ಲ. ಅದನ್ನು ಸೇರಿಸಿ, ಇನ್ನೊಮ್ಮೆ ಕಳಿಸಿ ನೋಡಿ ಎಂದಳು. ಸ್ವಲ್ಪ ಹೊತ್ತಿಗೆ ಫೋನಿನಲ್ಲಿ "ಸೇರ್ತಂತೆ!" ಎಂಬ ಕೂಗು. ನಾಗವೇಣಿ ಗುಡಿ ತುಂಬುವ ಹಾಗೆ ನಕ್ಕಳು. ಆ ನಗು ಕೇಳಿ ನನಗೆ ಎಷ್ಟು ಖುಷಿಯಾಯಿತೆಂದರೆ, ನಾವು ಗುಡಿಗೆ ಬಂದದ್ದೇಕೆ ಎಂಬುದೂ ಮರೆತುಹೋಯಿತು. ಅವಳಿಗೂ ಮರೆತಿತ್ತು, ಕೈಯಲ್ಲಿದ್ದ ಲ್ಯಾಪ್‌ಟಾಪಿನಲ್ಲೇ ಲಿನಕ್ಸ್ ಪರೀಕ್ಷೆಗೆ ಹೆಸರು ನೋಂದಾಯಿಸಿಬಿಟ್ಟಳು.

ಆಗ ಬಿತ್ತು ಹೂವು. ಎಡಗಡೆಯದು.

ನಾಗವೇಣಿಯ ಮುಖ ಸಣ್ಣಗಾಯಿತು. ನಾನು ಅಮ್ಮನ ಕಡೆ ನೋಡಿದೆ. ಮಾರಮ್ಮ ಬೇಡವೆಂದಳೆಂದು ಮೂರು ಎಕರೆ ಟೊಮೇಟೊ ನಾಟಿಯನ್ನೇ ಕೈಬಿಟ್ಟವಳು ನಮ್ಮಮ್ಮ.

"ಅಯ್ಯೋ, ಅದು ಫ್ಯಾನ್ ಗಾಳಿಗೆ ಬಿದ್ದಿದ್ದು ಬುಡಮ್ಮ," ಎಂದಳು ಅಮ್ಮ. "ಅದೆಲ್ಲ ಲೆಕ್ಕಕ್ಕಿಲ್ಲ. ನೀನು ಓದ್ಕೊ ಹೋಗು."

ಮುತ್ತರಾಯಪ್ಪನವರು ತಲೆಯೆತ್ತಿ ಫ್ಯಾನ್ ನೋಡಿದರು. ನಾನೂ ನೋಡಿದೆ. ಬೆಳಿಗ್ಗೆಯಿಂದ ಊರಲ್ಲಿ ಕರೆಂಟೇ ಇರಲಿಲ್ಲ.

ಸಂಕ್ರಾಂತಿ ಹೊತ್ತಿಗೆ ನಾಗವೇಣಿ ಪಾಸಾದಳು. ಹನುಮಯ್ಯನವರು ಮೊದಲ ಗಿರಾಕಿಯಾದರು, ಅವರ ಬಾಯಿಮಾತಿನಿಂದ ಇನ್ನೂ ನಾಲ್ಕು ತೋಟದವರು ಬಂದರು. ಅಮ್ಮ ಹನುಮಯ್ಯನವರ ತೋಟದ ಗುಲಾಬಿಯಲ್ಲೇ ದೊಡ್ಡ ಹಾರ ಕಟ್ಟಿಸಿ ಮಾರಮ್ಮನಿಗೆ ಹಾಕಿಸಿದಳು. ಕೈಮುಗಿದು ಮೆಲ್ಲಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೆ ಮಾತ್ರ ಕೇಳಿಸಿತು.

"ಕೋಪ ಮಾಡ್ಕಬ್ಯಾಡ ತಾಯಿ. ನಿಂಗೆ ಊರೆಲ್ಲ ಗೊತ್ತಿರ್ಬೋದು. ನನ್ನ ಸೊಸೆ ನಂಗೆ ಗೊತ್ತು."