ಇಲಿಗಳಿಗೆ ಕಟ್ಟಿಕೊಟ್ಟ ಮೆಂತೆ ಗಂಜಿ

ಮೊನ್ನೆಯಿಂದ ನನ್ನ ಬಾಯಿ ನಿಂತಿಲ್ಲ. ವಾಮದಪದವಿನ ತಂಗಿಗೆ ಹೇಳಿ ಆಯಿತು, ಬೆಳ್ತಂಗಡಿಯ ನಾದಿನಿಗೆ ಹೇಳಿ ಆಯಿತು, ಬೆಳುವಾಯಿಯ ನಮ್ಮ ಮನೆ ಮುಂದೆ ಬರುವ ಮೀನಿನವನನ್ನೂ ನಿಲ್ಲಿಸಿ ಹೇಳಿದೆ. ಆದರೂ ಮುಗಿಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಶಾಲೆಗೆ ಹೆಚ್ಚು ಹೋದವಳಲ್ಲ ನಾನು, ತಪ್ಪಿದ್ದರೆ ಓದುವವರು ಸರಿ ಮಾಡಿಕೊಳ್ಳಿ.

ನಮ್ಮ ಮೊಮ್ಮಗಳು ಮೂಡುಬಿದಿರೆಯಲ್ಲಿ ಮದ್ದು ಮಾಡುವ ವಿದ್ಯೆ ಕಲಿಯುತ್ತಿದ್ದಾಳೆ. ನಮ್ಮಲ್ಲೇ ಇದ್ದು ಬಸ್ಸಿನಲ್ಲಿ ಹೋಗಿ ಬರುವುದು. ಅವಳ ಅಜ್ಜನಿಗೆ ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿ. ಕಾಲಿನ ಹೆಬ್ಬೆರಳು ಊದಿಕೊಂಡರೆ ಮೇಲೆ ಮೈ ಒರೆಸುವ ಬೈರಾಸು ಬಿದ್ದರೂ ಕಿರುಚುತ್ತಾರೆ. ಬಂಟ್ವಾಳದ ಡಾಕ್ಟರು ಗುಳಿಗೆ ಕೊಟ್ಟು, ಬಂಗುಡೆ ಮೀನು, ಚಿಪ್ಪಿನ ಮರುವಾಯಿ ಎಲ್ಲ ಬಂದ್ ಮಾಡಿಸಿದ್ದಾರೆ. ಅಜ್ಜನ ಆ ನರಳಾಟ ನೋಡಿಯೇ ಹುಡುಗಿ ತನ್ನ ಪರೀಕ್ಷೆಗೆ ಯೂರಿಕ್ ಆಸಿಡ್ ಇಳಿಸುವ ವಿಷಯ ಆರಿಸಿಕೊಂಡದ್ದು. ಮಡಿಕೇರಿಯ ಆಚೆ ಟಿಬೆಟಿನವರ ಕ್ಯಾಂಪ್ ಉಂಟಲ್ಲ, ಅಲ್ಲಿಯ ಮದ್ದಿನವರಿಂದ ಒಣಗಿದ ಒಂದು ಗಿಡ ತಂದಳು. ಹಿಮದ ಬೆಟ್ಟದಲ್ಲಿ ಬೆಳೆಯುವುದಂತೆ. ಒಂದು ಎಸಳು ನಾಲಿಗೆಗೆ ಇಟ್ಟು ನೋಡಿದೆ. ಅಬ್ಬಬ್ಬಾ, ಕಹಿ!

ಪರೀಕ್ಷೆ ಇಲಿಗಳ ಮೇಲೆ. ಎಲ್ಲ ಇಲಿಗಳಿಗೂ ಯೂರಿಕ್ ಆಸಿಡ್ ಏರಿಸುವುದು, ಆಮೇಲೆ ಒಂದು ಗೂಡಿನವಕ್ಕೆ ಬರೀ ನೀರು, ಇನ್ನೊಂದಕ್ಕೆ ಗಿಡದ ಸಾರ, ಮತ್ತೊಂದಕ್ಕೆ ಅಜ್ಜ ನುಂಗುವ ಅದೇ ಗುಳಿಗೆ.

"ಅಂದ್ರೆ ಇಲಿಗೂ ನನಗೂ ಒಬ್ಬನೇ ಡಾಕ್ಟ್ರಾ?" ಎಂದರು ಇವರು.

"ಇಲಿಗಳು ಕದ್ದು ಬಂಗುಡೆ ತಿನ್ನುದಿಲ್ಲ ಅಜ್ಜ" ಎಂದಳು ಅವಳು.

ಮೊದಲ ಸಲ ಗಿಡವನ್ನು ನೀರಲ್ಲಿ ಕುದಿಸಿ ಕೊಟ್ಟದ್ದು. ಏನೂ ಇಳಿಯಲಿಲ್ಲ. ಆ ಸಂಜೆ ಹುಡುಗಿ ಚಪ್ಪಲಿ ಬಿಚ್ಚದೆ ಜಗಲಿಯಲ್ಲಿ ಕೂತುಬಿಟ್ಟಳು. ಇನ್ನೊಂದು ಸಲ ಮಾಡಿ ನೋಡು, ಆಗದಿದ್ದರೆ ಈ ಗಿಡ ಬಿಡು, ಬೇರೆ ವಿಷಯ ಹಿಡಿ ಎಂದಿದ್ದರಂತೆ ಅವಳ ಮೇಡಂ. ಅಷ್ಟು ದಿನದ ಕೆಲಸ! ನನಗೆ ಊಟ ಸೇರಲಿಲ್ಲ.

ಎರಡನೇ ಸಲ ಗಿಡವನ್ನು ಸ್ಪಿರಿಟಿನಲ್ಲಿ ನೆನೆಸಿ, ಸ್ಪಿರಿಟ್ ಪೂರ್ತಿ ಆರಿಸಿ, ಉಳಿದ ಅಂಟನ್ನು ಕೊಡುವುದು ಎಂದಾಯಿತು. ಕೊಡಲು ಶುರು ಮಾಡಿದ್ದು ಸರಿಯಾಗಿ ಆಷಾಢದ ನಮ್ಮ ಆಟಿ ಅಮಾವಾಸ್ಯೆಯ ಮರುದಿನ. ಆ ಅಮಾವಾಸ್ಯೆಗೆ ನಮ್ಮಲ್ಲಿ ಸೂರ್ಯ ಹುಟ್ಟುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಕುಡಿಯುತ್ತೇವೆ. ಅದು ಉಷ್ಣ, ಬರೀ ಹೊಟ್ಟೆಗೆ ಹೋದದ್ದು. ಮೇಲಿಂದ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ ಉಂಡರೆ ದೇಹ ತಂಪು. ಕಹಿ ಕುಡಿಸಿ ಮೆಂತೆ ಕೊಡದೆ ಯಾರನ್ನೂ ನಮ್ಮ ಮನೆಯಿಂದ ಕಳಿಸಿದ್ದಿಲ್ಲ. ಹಾಗಿರುವಾಗ ಆ ಇಲಿಗಳು? ಮೊದಲ ಸಲ ಮದ್ದು ಹತ್ತದೆ ಇದ್ದದ್ದೇ ಅದರಿಂದ ಅನಿಸಿತು ನನಗೆ. ಆ ಮರುದಿನ ಬೆಳಿಗ್ಗೆ ಬೇಗ ಎದ್ದು ಗಂಜಿ ಮಾಡಿ, ಅವಳ ಬುತ್ತಿಯ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ತುಂಬಿಸಿದೆ. ಬಸ್ಸು ಹೊರಟ ಮೇಲೆ ಕೂಗಿ ಹೇಳಿದೆ, "ಸಣ್ಣ ಡಬ್ಬಿ ಇಲಿಗಳಿಗೆ ಮಗಾ!" ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮಧ್ಯಾಹ್ನ ಫೋನು. "ಅಜ್ಜೀ, ನಿಮಗೆ ಏನಾಗಿದೆ ಮಾರಾಯ್ರೆ? ಮೆಂತೆ ತಿಂದು ಇಳಿದ್ರೆ ಅದು ಗಿಡದಿಂದ ಇಳಿದದ್ದಾ ಮೆಂತೆಯಿಂದ ಇಳಿದದ್ದಾ ಅಂತ ನಾನು ಹೇಗೆ ಹೇಳುದು?"

"ಕೊಟ್ಟೆಯಾ ಮಗಾ?"

"ಕೊಡ್ಲಿಕ್ಕೆ ನನಗೇನು ಹುಚ್ಚಾ? ನಾವೇ ತಿಂದೆವು. ಕ್ಲಾಸಿನವರು ಇನ್ನೊಂದು ಡಬ್ಬಿ ಕೇಳ್ತಾ ಇದ್ದಾರೆ."

ನನಗೆ ಹೋದ ಜೀವ ಬಂದಂತಾಯಿತು. ಆಮೇಲೆ ಎಲ್ಲ ಕಾಯುವ ಕೆಲಸ. ಬಸ್ಸಿನ ಹಾರ್ನು ಕೇಳಿದರೆ ಗೇಟಿಗೆ ಓಡುವುದು, ಅವಳ ಮುಖ ನೋಡುವುದು. ಇವರು ಕೂಡ, ಆ ಕಾಲಿನಲ್ಲಿ, ನನ್ನ ಹಿಂದೆಯೇ.

ಮೊನ್ನೆ ಅವಳು ಬಸ್ಸಿನ ಮೆಟ್ಟಿಲಿನಿಂದಲೇ ಕೂಗಿದಳು. "ಇಳಿಯಿತು ಅಜ್ಜೀ! ಗಿಡದ ಗೂಡಿನದ್ದು ಇಳಿಯಿತು!" ಗುಳಿಗೆಯಷ್ಟು ಅಲ್ಲವಂತೆ, ಆದರೆ ಬರೀ ನೀರು ಕುಡಿದವುಗಳಿಗಿಂತ ಚೆನ್ನಾಗಿಯೇ ಇಳಿದಿದೆಯಂತೆ. ಮೇಡಂ ಬೆನ್ನು ತಟ್ಟಿ, ಇದೇ ಗಿಡ ಮುಂದುವರಿಸು ಎಂದರಂತೆ. ನಾನು ಅವಳನ್ನು ರಸ್ತೆಯಲ್ಲೇ ಅಪ್ಪಿ ಹಿಡಿದೆ. ಕಂಡಕ್ಟರ್ ಸೀಟಿ ಊದದೆ ನಗುತ್ತ ನಿಂತ.

ಇವರು ಗೇಟು ಹಿಡಿದುಕೊಂಡೇ ಕೇಳಿದರು, "ಹಾಗಾದ್ರೆ ನನಗೊಂದು ಗ್ಲಾಸು ಕೊಡು. ನಾಳೆ ಬಂಗುಡೆ ತರುವ."

"ಇಳಿದದ್ದು ಇಲಿಗೆ ಅಜ್ಜ. ನಿಮ್ಮವರೆಗೆ ಬರ್ಲಿಕ್ಕೆ ಇನ್ನೂ ತುಂಬಾ ಪರೀಕ್ಷೆ ಉಂಟು. ಅಲ್ಲಿವರೆಗೆ ಗುಳಿಗೆ ನುಂಗಿ."

"ಇಲಿಯಾಗಿ ಹುಟ್ಟಬೇಕಿತ್ತು ನಾನು" ಎಂದರು. ಆದರೆ ಮುಖ ನೋಡಬೇಕಿತ್ತು ಅವರದ್ದು, ಬಂಗುಡೆ ಸಿಕ್ಕಿದವರಿಗಿಂತ ಹೆಚ್ಚು ಬೆಳಗುತ್ತಿತ್ತು.

ಒಳಗೆ ಬಂದವಳು ಬ್ಯಾಗಿನಿಂದ ಆ ಸಣ್ಣ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟಳು. "ಅಜ್ಜಿ, ನಾಳೆ ಮೆಂತೆ ಗಂಜಿ ಮಾಡಿ. ಈ ಡಬ್ಬಿ ಸಾಕಾಗುದಿಲ್ಲ, ಮೇಡಂಗೂ ಬೇಕಂತೆ."

ದೊಡ್ಡ ಪಾತ್ರೆ ಅಟ್ಟದಿಂದ ಇಳಿಸಿದ್ದೇನೆ. ಮೆಂತೆ ನೆನೆಯುತ್ತಾ ಉಂಟು.